ಪಾರ್ಶ್ವವಾಯು ಬಡಿದ ಮೇಲೆ ಅಪ್ಪನಿಗೆ ಮಾತು ಹೊರಡುತ್ತಿಲ್ಲ, ಬುದ್ಧಿಯೂ ಹೋಯಿತೇ?

ತಂದೆಯವರ ಬಲಗೈ ಸ್ವಾಧೀನ ತಪ್ಪಿದೆ, ನಾವು ಹೇಳಿದ್ದು ಅವರಿಗೆ ತಿಳಿಯುತ್ತದೆ, ಆದರೆ ಒಂದೆರಡು ಪದಕ್ಕಿಂತ ಹೆಚ್ಚು ಬಾಯಿಂದ ಬರುವುದಿಲ್ಲ ಎಂದು ಬರೆದಿದ್ದೀರಿ. ಅವರನ್ನು ನೋಡಿದ ವೈದ್ಯರೇ ಖಚಿತವಾಗಿ ಹೇಳಬೇಕು. ಆದರೂ ವಾಕ್ ಚಿಕಿತ್ಸಕಿಯಾಗಿ ಹೇಳುತ್ತೇನೆ, ಈ ಲಕ್ಷಣಗಳಿಗೆ ಬುದ್ಧಿ ಹೋಗಿದೆ ಎಂಬ ಅರ್ಥವಿಲ್ಲ.

ಹೆಚ್ಚಿನವರಲ್ಲಿ ಮಾತಿನ ಹೊಣೆ ಮಿದುಳಿನ ಎಡಭಾಗದ್ದು. ಹಣೆಯ ಹಿಂದೆ, ಎಡಗಡೆ ಕೆಳಗಿರುವ ಒಂದು ಭಾಗಕ್ಕೆ ಬ್ರೋಕಾ ಪ್ರದೇಶ ಎನ್ನುತ್ತಾರೆ. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ ಅವರ ಬಳಿಗೆ ಬಂದ ಲೆಬೋರ್ನ್ ಎಂಬ ರೋಗಿ ಏನು ಕೇಳಿದರೂ 'ತಾನ್, ತಾನ್' ಎಂದಷ್ಟೇ ಉತ್ತರಿಸುತ್ತಿದ್ದ. ಕೇಳಿದ್ದು ಮಾತ್ರ ಬಹುಮಟ್ಟಿಗೆ ಅರ್ಥವಾಗುತ್ತಿತ್ತು. ಅವನು ತೀರಿಕೊಂಡ ಮೇಲೆ ಮಿದುಳನ್ನು ಪರೀಕ್ಷಿಸಿದಾಗ ಹಾನಿ ಕಂಡದ್ದು ಆ ಜಾಗದಲ್ಲೇ. ಬಲಗೈಯನ್ನು ಆಡಿಸುವ ಭಾಗ ಅದರ ಪಕ್ಕದಲ್ಲಿದೆ, ಎರಡಕ್ಕೂ ಒಂದೇ ರಕ್ತನಾಳದ ಕವಲುಗಳು ರಕ್ತ ಒದಗಿಸುತ್ತವೆ. ಕೈ ಮತ್ತು ಮಾತು ಒಟ್ಟಿಗೆ ಕೈಕೊಡುವುದು ಅದಕ್ಕೇ.

ಇಂಥವರು 'ಮಗ... ಊರು... ಬಸ್' ಎಂದು ನಿಲ್ಲಿಸುತ್ತಾರೆ. ಮಗ ಊರಿನಿಂದ ಬಸ್ಸಿನಲ್ಲಿ ಬಂದ ಎಂಬುದು ಮನಸ್ಸಿನಲ್ಲಿ ಇರುತ್ತದೆ, ವಿಭಕ್ತಿಯೂ ಕ್ರಿಯಾಪದವೂ ಕೂಡಿಬರುವುದಿಲ್ಲ. ಅದು ತಮಗೇ ಗೊತ್ತಾಗುವುದರಿಂದ ಸಿಟ್ಟು, ಅಳು ಎರಡೂ ಬರುತ್ತವೆ. ಅಚ್ಚರಿಯೆಂದರೆ ಲೋಟ ತೋರಿಸಿದರೆ ಹೆಸರು ಹೇಳಲಾಗದವರು ಬಾಯಿಪಾಠದ ದೇವರನಾಮವನ್ನು ರಾಗವಾಗಿ ಹಾಡಿಬಿಡಬಹುದು. ವಾರದ ಹೆಸರುಗಳನ್ನು ಭಾನುವಾರದಿಂದ ಸಲೀಸಾಗಿ ಒಪ್ಪಿಸಬಹುದು. ಇದನ್ನು ಕಂಡು 'ಬೇಕೆಂದೇ ಮಾತಾಡುತ್ತಿಲ್ಲ' ಎನ್ನುವ ಬಂಧುಗಳ ಮಾತಿಗೆ ದಯವಿಟ್ಟು ಕಿವಿಗೊಡಬೇಡಿ. ರೂಢಿಯಾದ ಮಾತು, ಹಾಡು ಬೇರೆ ದಾರಿಯಿಂದಲೂ ಬರಬಲ್ಲವು. ರಾಗದ ಆಸರೆಯಿಂದ ಮಾತು ಕಲಿಸುವ ಚಿಕಿತ್ಸೆಯೂ ಇದೆ.

ತಡಮಾಡದೆ ವಾಕ್ ಚಿಕಿತ್ಸೆ ಆರಂಭಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಸೌಲಭ್ಯವಿದೆ. ಮೊದಲ ಕೆಲವು ತಿಂಗಳಲ್ಲಿ ಚೇತರಿಕೆ ಬೇಗ, ಆಮೇಲೂ ನಿಲ್ಲುವುದಿಲ್ಲ. ಮನೆಯಲ್ಲಿ ಟಿವಿ ಆರಿಸಿ, ಎದುರು ಕುಳಿತು, ಚಿಕ್ಕ ವಾಕ್ಯಗಳಲ್ಲಿ ಮಾತನಾಡಿ. 'ಕಾಫಿಯೋ, ಹಾಲೋ?' ಎಂದು ಎರಡನ್ನೂ ತೋರಿಸಿ ಕೇಳಿ, ಉತ್ತರಕ್ಕೆ ಕಾಯಿರಿ. ನೆಂಟರ ಮುಂದೆ 'ಇವರು ಯಾರು, ಹೇಳಿ ನೋಡೋಣ' ಎಂದು ಪರೀಕ್ಷೆ ಮಾತ್ರ ಮಾಡಬೇಡಿ. ಅವರ ಎದುರಿನಲ್ಲೇ ಅವರ ಬಗ್ಗೆ ಪಿಸುಗುಟ್ಟಲೂಬೇಡಿ, ಅವರಿಗೆ ಅದೆಲ್ಲ ತಿಳಿಯುತ್ತದೆ.