ಸೈಕಲ್ ಕೌಂಟರ್ ಸಿಗದಿದ್ದರೆ ಸೊನ್ನೆ ತೋರಿಸಬೇಡಿ

ನಿಮ್ಮ ಬೆಂಚ್‌ಮಾರ್ಕ್ (ಕೋಡಿನ ವೇಗ ಅಳೆಯುವ ಪ್ರೋಗ್ರಾಂ) ಇಂಟೆಲ್ ಯಂತ್ರದಲ್ಲಿ ಓಡುತ್ತದೆ, 64 ಬಿಟ್ ಆರ್ಮ್ ಬೋರ್ಡಿನಲ್ಲಿ ಮಾತ್ರ ಸೈಕಲ್ ಕೌಂಟರ್ (ಪ್ರೊಸೆಸರ್‌ನ ಕ್ಲಾಕ್ ಮಿಡಿತಗಳನ್ನು, ಅಂದರೆ ಸೈಕಲ್‌ಗಳನ್ನು, ಎಣಿಸುವ ಕೌಂಟರ್) ಓದುವಾಗ 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ಎಂದು ಸಾಯುತ್ತದೆ, ಆಗ ಸೊನ್ನೆ ತೋರಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಸೊನ್ನೆ ನೋಡಿದವರು ಕೋಡ್ ಅಷ್ಟು ವೇಗವಾಗಿದೆ ಎಂದುಕೊಳ್ಳುತ್ತಾರೆ.

ಕೌಂಟರ್ ಇಲ್ಲದೇ ಇಲ್ಲ. ಯೂಸರ್ ಮೋಡ್‌ನಿಂದ, ಅಂದರೆ ಸಾಮಾನ್ಯ ಪ್ರೋಗ್ರಾಂನಿಂದ, ಅದನ್ನು ಓದಲು ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಅನುಮತಿ ಕೊಟ್ಟಿಲ್ಲ, ಅಷ್ಟೇ. ಲಿನಕ್ಸ್ ಆದರೆ ಮೊದಲು ಪರ್ಫ್ (ಇಂಥ ಕೌಂಟರ್‌ಗಳನ್ನು ಓದಿಕೊಡುವ ಕರ್ನಲ್‌ನ ಸೌಲಭ್ಯ) ಮೂಲಕ ಕೇಳಿ. ಅಲ್ಲಿ ಅನುಮತಿ ಸಿಗದಿದ್ದರೆ ಎರರ್ ಕೋಡ್ ಬರುತ್ತದೆ, ಪ್ರೋಗ್ರಾಂ ಸಾಯುವುದಿಲ್ಲ. ಆಗ ಮೊನೊಟಾನಿಕ್ ಗಡಿಯಾರಕ್ಕೆ (ಎಂದೂ ಹಿಂದೆ ಹೋಗದ ಸಿಸ್ಟಂ ಗಡಿಯಾರ) ಇಳಿಯಿರಿ. ಈ ಪರೀಕ್ಷೆ ಶುರುವಿನಲ್ಲೇ ಒಮ್ಮೆ ಆಗಲಿ, ಅಳತೆಯ ಲೂಪ್ ಒಳಗೆ ಬೇಡ.

ಇಲ್ಲೊಂದು ಎಚ್ಚರ ಬೇಕು. ಗಡಿಯಾರದ ಹಿಂದಿನ ಟೈಮರ್ 24 ಮೆಗಾಹರ್ಟ್ಸ್ ಇದ್ದರೆ ಒಂದು ಟಿಕ್ ಸುಮಾರು 42 ನ್ಯಾನೋಸೆಕೆಂಡ್. ನಿಮ್ಮ ಫಂಕ್ಷನ್ 5 ನ್ಯಾನೋಸೆಕೆಂಡಿನಲ್ಲಿ ಮುಗಿದರೆ ಒಂದೇ ಸಲ ಅಳೆದು ಏನೂ ತಿಳಿಯುವುದಿಲ್ಲ, ಅಲ್ವಾ? ಲಕ್ಷ ಸಲ ಓಡಿಸಿ ಭಾಗಿಸಿ.

ಫಲಿತಾಂಶದ ಪಕ್ಕದಲ್ಲಿ ಯಾವ ಟೈಮರ್, ಯಾವ ಮಾನ ಎಂದು ಬರೆಯಿರಿ. ನ್ಯಾನೋಸೆಕೆಂಡನ್ನು ಅಂದಾಜು ಫ್ರೀಕ್ವೆನ್ಸಿಯಿಂದ ಗುಣಿಸಿ ಸುಮ್ನೆ 'ಸೈಕಲ್' ಎನ್ನಬೇಡಿ. ಓಡುವಾಗಲೇ ಫ್ರೀಕ್ವೆನ್ಸಿ ಬದಲಾಗುತ್ತಿರಬಹುದು.