ಗುಲ್ಮಾರ್ಗ್: ಹಿಮದ ಗುಂಡಿಯಲ್ಲಿ ಬಿರುಕು ಬರದಿದ್ದರೆ ಇಳಿಯಬಹುದಾ?

ಎರಡು ದಿನ ಹಿಮ ಸುರಿದು ಈಗ ಬಿಸಿಲು ಬಿದ್ದಿದೆ, ಹಿಮಕುಸಿತದ ಅಪಾಯ ಇದೆಯಾ ಅಂತ ಅಫರ್ವಾತ್ ಬೆಟ್ಟದ ಮೇಲೆ ಗುಂಡಿ ತೋಡಿ ಬಡಿದು ನೋಡಿದೆವು, 30 ಏಟಿಗೂ ಬಿರುಕು ಬರಲಿಲ್ಲ, ಗೊಂಡೋಲಾ ಬೌಲ್ (ರೋಪ್‌ವೇ ಪಕ್ಕದ, ಕಾವಲಿರುವ ಸ್ಕೀ ಇಳಿಜಾರು) ಬಿಟ್ಟು ಪಕ್ಕಕ್ಕೆ ಸ್ಕೀಯಲ್ಲಿ ಇಳಿಯಬಹುದಾ ಅಂತ ಕೇಳಿದ್ದೀರಿ. ಅಷ್ಟನ್ನೇ ನಂಬಿಕೊಂಡು ಇಳಿಯಬೇಡಿ. ಗುಂಡಿ ‘ಬೇಡ’ ಅಂದರೆ ವಾದ ಮಾಡದೆ ವಾಪಸ್ ಬನ್ನಿ. ‘ಸರಿ’ ಅಂದರೆ, ಅದು ನೀವು ಬಡಿದು ನೋಡಿದ 90 ಸೆಂ.ಮೀ. ಜಾಗದ ಮಾತು, ಅಷ್ಟೇ.

ಸ್ಕೀ ಪಟ್ರೋಲ್‌ನವರು (ಕಾವಲು ತಂಡ) ಸ್ಫೋಟಕ ಹಾಕಿ ಹದ್ದುಬಸ್ತಿನಲ್ಲಿಡುವುದು ಗೊಂಡೋಲಾ ಬೌಲನ್ನು. ಅದರ ಗಡಿಯ ಹಗ್ಗ ದಾಟಿದ ಮೇಲೆ ಲೆಕ್ಕವೆಲ್ಲ ನಿಮ್ಮದೇ. 2023ರ ಫೆಬ್ರವರಿ 1ರಂದು ಅಫರ್ವಾತ್‌ನಲ್ಲಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಹಿಮಕುಸಿತಕ್ಕೆ ಸಿಕ್ಕಿ ಸತ್ತದ್ದು ಹೊಸ ಹಿಮ ಬಿದ್ದ ಬೆನ್ನಿಗೇ.

ಗುಂಡಿಗಿಂತ ಮೊದಲು ಕೋನ ಅಳೆಯಿರಿ. ಸ್ಕೀ ಪೋಲನ್ನು ಇಳಿಜಾರಿನ ಉದ್ದಕ್ಕೆ ಹಿಮದ ಮೇಲೆ ಮಲಗಿಸಿ, ಅದರ ಮೇಲೆ ಫೋನ್ ಇಟ್ಟು ಕೋನ ನೋಡಿದರೆ ಸಾಕು. 30ರಿಂದ 45 ಡಿಗ್ರಿ ಅಪಾಯದ ಪಟ್ಟಿ, 38ರ ಆಸುಪಾಸು ಅತಿ ಕೆಟ್ಟದ್ದು. ನಿಮ್ಮ ದಾರಿ 25 ಡಿಗ್ರಿ ಇದ್ದರೂ ತಲೆ ಮೇಲೆ 38ರ ಗೋಡೆ ನಿಂತಿದ್ದರೆ ಪ್ರಯೋಜನವಿಲ್ಲ.

ಆಮೇಲೆ ಗಾಳಿ. ಪಶ್ಚಿಮದ ಗಾಳಿ ಏಣಿನ ಆಚೆಯ ಹಿಮವನ್ನು ಹೊತ್ತು ತಂದು ಈಚೆ ಮಗ್ಗುಲಿಗೆ ಸುರಿಯುತ್ತದೆ. ಕೆಳಗೆ ಒಂದು ಅಡಿ ಬಿದ್ದಿದ್ದರೆ ಏಣಿನ ಕೆಳಗೆ ಮೂರು ಅಡಿ ಕೂತಿರಬಹುದು. ಪೋಲ್ ಚುಚ್ಚಿದಾಗ ಮೇಲೆ ಬಿಗಿ, ಕೆಳಗೆ ದಡಕ್ಕನೆ ಸಡಿಲ ಸಿಕ್ಕರೆ ಅಪಾಯವೇ, ಅನುಮಾನ ಬೇಡ.

ಇನ್ನು ನಿಮ್ಮ ಗುಂಡಿ. ಇಳಿಜಾರಿಗೆ ಅಡ್ಡಕ್ಕೆ 90, ಇಳಿಜಾರಿನ ಮೇಲ್ಮುಖವಾಗಿ 30 ಸೆಂ.ಮೀ. ಹಿಮದ ಕಂಬ, ಹಿಂಬದಿಯನ್ನು ಗಂಟು ಹಾಕಿದ ದಾರದಿಂದ ಪೂರ್ತಿ ಕೊಯ್ದಿದ್ದಿರಾ? ಕೊಯ್ಯದಿದ್ದರೆ ಕಂಬ ಹಿಂದಿನ ಹಿಮಕ್ಕೆ ಅಂಟಿಕೊಂಡೇ ಇರುತ್ತದೆ, ಬಿರುಕು ಹರಿಯಲು ಬಿಡುವುದಿಲ್ಲ. ಒಂದು ತುದಿಯಲ್ಲಿ ಸಲಿಕೆ ಮಟ್ಟಸವಾಗಿಟ್ಟು ಮಣಿಕಟ್ಟಿನಿಂದ 10, ಮೊಣಕೈಯಿಂದ 10, ಭುಜದಿಂದ 10 ಏಟು. ಬಿರುಕು ಹುಟ್ಟಿದ ಏಟಿಗೇ ಅಥವಾ ಮುಂದಿನ ಏಟಿಗೆ ಆ ತುದಿವರೆಗೆ ಓಡಿದರೆ ಕಥೆ ಮುಗಿಯಿತು. ಹಿಮ ಆಳವಾಗಿದ್ದರೆ ಸಮಸ್ಯೆ ಬೇರೆ: ಸಡಿಲ ಪದರ ಒಂದು ಮೀಟರ್‌ಗಿಂತ ಕೆಳಗಿದ್ದರೆ ಏಟು ಅಲ್ಲಿಗೆ ಸರಿಯಾಗಿ ಮುಟ್ಟುವುದೇ ಇಲ್ಲ. ನಿಮ್ಮ 30 ಏಟಿನ ಫಲಿತಾಂಶಕ್ಕೆ ಇದೇ ಕಾರಣ ಇರಬಹುದು. ತಳದವರೆಗೆ ತೋಡಿ ಗೋಡೆಯನ್ನು ಕೈಯಿಂದ ಒತ್ತುತ್ತಾ ಹೋಗಿ. ಮೇಲೆ ಒಂದು ಬೆರಳಷ್ಟೇ ಇಳಿಯುವ ಗಟ್ಟಿ ಪದರ, ಅದರಡಿ ಇಡೀ ಮುಷ್ಟಿ ಸಲೀಸಾಗಿ ನುಗ್ಗುವ, ಬನ್ಸಿ ರವೆಯ ಹಾಗೆ ಉದುರುವ ಹರಳು ಸಿಕ್ಕರೆ ಏಟಿನ ಲೆಕ್ಕ ಮರೆತುಬಿಡಿ. ತೆಳು ಹಿಮ, ಕೊರೆವ ಚಳಿ ಇದ್ದ ವಾರಗಳಲ್ಲಿ ಇಂಥ ಹರಳು ಬೆಳೆಯುತ್ತದೆ. ಬಿಸಿಲು ಒಂದು ದಿನದಲ್ಲಿ ಅದನ್ನು ಸರಿಮಾಡುವುದಿಲ್ಲ.

ಬಂಡೆ ತಲೆಯೆತ್ತಿದ ಜಾಗ ಸುರಕ್ಷಿತ ಅನ್ನುವುದು ತಪ್ಪು ಕಲ್ಪನೆ. ಅಲ್ಲಿ ಪದರ ತೆಳು, ನಿಮ್ಮ ತೂಕ ಸಡಿಲ ಹರಳಿಗೆ ಬೇಗ ಮುಟ್ಟುತ್ತದೆ. ಬಿರುಕು ಅಲ್ಲಿ ಹುಟ್ಟಿ ದಪ್ಪ ಹಿಮದವರೆಗೂ ಓಡುತ್ತದೆ.

ಕಾಲಡಿ ‘ಧುಪ್’ ಅಂತ ಕುಸಿದ ಸದ್ದು, ಸ್ಕೀ ತುದಿಯಿಂದ ಓಡುವ ಬಿರುಕು, ಅದೇ ದಿಕ್ಕಿನ ಇಳಿಜಾರಿನಲ್ಲಿ ಹೊಸ ಕುಸಿತ: ಇವುಗಳಲ್ಲಿ ಒಂದು ಕಂಡರೂ ಪರೀಕ್ಷೆಯ ಅಗತ್ಯವೇ ಇಲ್ಲ, ವಾಪಸ್ ಬನ್ನಿ. ಡಿಜಿಆರ್‌ಇ (ಡಿಆರ್‌ಡಿಒದ ಹಿಮಕುಸಿತ ಅಧ್ಯಯನ ಸಂಸ್ಥೆ) ಮುನ್ಸೂಚನೆಯನ್ನೂ ನೋಡಿ, ಆದರೆ ಅದು ಇಡೀ ಪ್ರದೇಶದ್ದು, ನಿಮ್ಮ ಇಳಿಜಾರಿನದ್ದಲ್ಲ.

ಈ ಸಲ 30 ಡಿಗ್ರಿ ಒಳಗೆ, ಮೇಲೆ ಕಡಿದಾದ್ದೇನೂ ಇಲ್ಲದ ಕಡೆ ಸ್ಕೀ ಮಾಡಿ. ಅಲ್ಲೂ ಒಬ್ಬೊಬ್ಬರೇ ಇಳಿಯಿರಿ, ಉಳಿದವರು ಕುಸಿತದ ದಾರಿಯಿಂದ ಪಕ್ಕಕ್ಕೆ ನಿಂತಿರಲಿ. ಪ್ರತಿಯೊಬ್ಬರ ಬಳಿಯೂ ಬೀಕನ್ (ಹಿಮದಡಿ ಹೂತವರನ್ನು ಹುಡುಕುವ ರೇಡಿಯೋ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕಡ್ಡಿ), ಲೋಹದ ಸಲಿಕೆ ಇರಬೇಕು. ಫೋನನ್ನು ಬೀಕನ್‌ನಿಂದ ಕನಿಷ್ಠ 20 ಸೆಂ.ಮೀ. ದೂರ, ಹುಡುಕುವಾಗ 50 ಸೆಂ.ಮೀ. ದೂರ ಇಡಿ.