ಏರಿನಲ್ಲಿ ಚೆದುರಿ ನೆತ್ತಿಯಲ್ಲಿ ಕೂಡುವ ಗುಂಪು

ದೂರದ ಸೈಕಲ್ ಸವಾರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬಯಲುದಾರಿಯ 200 ಮತ್ತು 300 ಕಿಲೋಮೀಟರ್ ಬ್ರೆವೆಗಳನ್ನು, ಅಂದರೆ ನಿಗದಿತ ಅವಧಿಯಲ್ಲಿ ಮುಗಿಸಬೇಕಾದ ದೂರದ ಸವಾರಿಗಳನ್ನು, ಮುಗಿಸಿದ್ದೇನೆ. ಈಗ ಮೂವರು ಗೆಳೆಯರು ಬೆಟ್ಟಸಾಲಿನ 600 ಕಿಲೋಮೀಟರ್ ಸವಾರಿಗೆ ಕರೆಯುತ್ತಿದ್ದಾರೆ. ಅದರ ಒಟ್ಟು ಏರು 10,000 ಮೀಟರ್ ದಾಟುತ್ತದಂತೆ. ಚಡಾವಿನಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ವೇಗದಲ್ಲೇ ಹತ್ತಬೇಕು, ಒಬ್ಬರ ಬೆನ್ನಿಗೆ ಅಂಟಿಕೊಂಡು ಶ್ರಮ ಉಳಿಸುವಂತಿಲ್ಲ ಎಂದು ಅವರೇ ಹೇಳುತ್ತಾರೆ. ಹಾಗಿದ್ದರೆ ಜೊತೆಯಾಗಿ ಹೋಗುವುದರಲ್ಲಿ ಇರುವ ಸುಖವೇನು? ಇಷ್ಟು ಕಷ್ಟದ ಸವಾರಿಗೆ ಜನ ಮತ್ತೆ ಮತ್ತೆ ಹೋಗುವುದಾದರೂ ಏಕೆ?

ಉತ್ತರ: ನಿಮ್ಮ ಗೆಳೆಯರು ಹೇಳಿದ್ದು ನಿಜ, ಲೆಕ್ಕ ಹಾಕಿ ನೋಡಿದರೆ ಅದು ಇನ್ನೂ ನಿಚ್ಚಳವಾಗುತ್ತದೆ. ಸವಾರನೂ ಸೈಕಲ್ಲೂ ಸೇರಿ 85 ಕಿಲೋ ತೂಕವಿದೆ ಎಂದುಕೊಳ್ಳಿ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಗಾಳಿಯನ್ನು ಸೀಳುವುದಕ್ಕೇ ಸುಮಾರು 140 ವ್ಯಾಟ್ ಬೇಕಾಗುತ್ತದೆ, ಮುಂದಿನವರ ಚಕ್ರದ ಹಿಂದೆ ಹತ್ತಿರದಲ್ಲಿ ಸಾಗಿದರೆ ಅದರಲ್ಲಿ ಒಳ್ಳೆಯ ಪಾಲು ಉಳಿಯುತ್ತದೆ. ಅದೇ ಸವಾರ ಶೇಕಡಾ 7.5ರ ಚಡಾವನ್ನು ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಹತ್ತುವಾಗ, ಅಂದರೆ ಗಂಟೆಗೆ 600 ಮೀಟರ್ ಮೇಲೇರುವಾಗ, ಗಾಳಿಗೆ ಹೋಗುವುದು ಮೂರು ವ್ಯಾಟ್‌ನಷ್ಟು ಮಾತ್ರ. ಭಾರವನ್ನು ಮೇಲೆತ್ತುವುದಕ್ಕೆ ಮತ್ತೆ ಅದೇ 140 ವ್ಯಾಟ್ ಬೇಕು, ಅದನ್ನು ಯಾವ ಗೆಳೆಯನೂ ಹಂಚಿಕೊಳ್ಳಲಾರ. ಬಯಲಿನ ಗುಂಪಿನಲ್ಲಿ ಯಾರು ಸ್ನೇಹಕ್ಕಾಗಿ ಇದ್ದಾರೆ, ಯಾರು ಗಾಳಿಮರೆಗಾಗಿ ಇದ್ದಾರೆ ಎಂದು ಹೇಳುವುದು ಕಷ್ಟ. ಚಡಾವು ಶುರುವಾದ ಹತ್ತು ನಿಮಿಷಕ್ಕೆ ಅದು ತಿಳಿದುಹೋಗುತ್ತದೆ. ಲಾಭವೆಲ್ಲ ಕಳಚಿಬಿದ್ದ ಮೇಲೂ ಉಳಿಯುವ ಆ ಸಹವಾಸವೇ ನೀವು ಕೇಳಿದ ಸುಖ ಎಂಬುದು ನನ್ನ ಅಭಿಪ್ರಾಯ.

ಗುಂಪನ್ನು ನಿಯಮದಿಂದ ಕಟ್ಟಿಹಾಕಬೇಕೇ, ಬಿಟ್ಟುಬಿಡಬೇಕೇ ಎಂಬ ತಕರಾರು ಈ ಹವ್ಯಾಸದಷ್ಟೇ ಹಳೆಯದು. 1897ರಲ್ಲಿ ಇಟಲಿಯ ಕೆಲವು ಸವಾರರು ರೋಮ್‌ನಿಂದ ನೇಪಲ್ಸ್‌ವರೆಗಿನ 230 ಕಿಲೋಮೀಟರ್ ದಾರಿಯನ್ನು ಹಗಲು ಮುಗಿಯುವುದರೊಳಗೆ ಸಾಗಿ ‘ಆಡಾಕ್ಸ್’, ಅಂದರೆ ಎದೆಗಾರರು, ಎನಿಸಿಕೊಂಡರು. 1904ರಲ್ಲಿ ಟೂರ್ ದ ಫ್ರಾನ್ಸ್ ಸ್ಪರ್ಧೆಯನ್ನು ಹುಟ್ಟುಹಾಕಿದ ಆನ್ರಿ ದೆಗ್ರಾಂಜ್ ಅದನ್ನು ಫ್ರಾನ್ಸಿನಲ್ಲಿ ಬೆಳೆಸಿದಾಗ, ದಾರಿನಾಯಕನೊಬ್ಬನ ಹಿಂದೆ ಇಡೀ ಗುಂಪು ಒಂದೇ ವೇಗದಲ್ಲಿ ಸಾಗಬೇಕೆಂಬುದು ಕಟ್ಟಳೆಯಾಯಿತು. ಆ ಪದ್ಧತಿಯ ಸವಾರಿಗಳು ಇಂದಿಗೂ ಗಂಟೆಗೆ 22.5 ಕಿಲೋಮೀಟರ್ ವೇಗದಲ್ಲಿ ನಡೆಯುತ್ತವೆ. 1921ರಲ್ಲಿ ಪ್ಯಾರಿಸ್ಸಿನ ಸವಾರರ ಸಂಘವಾದ ಆಡಾಕ್ಸ್ ಕ್ಲಬ್ ಪಾರಿಸಿಯಾ ದೆಗ್ರಾಂಜ್‌ನಿಂದ ಬೇರ್ಪಟ್ಟು, ಪ್ರತಿಯೊಬ್ಬರೂ ತಮ್ಮ ವೇಗದಲ್ಲಿ ಸಾಗಿ ನಿಗದಿತ ಅವಧಿಯೊಳಗೆ ಮುಟ್ಟಿದರೆ ಸಾಕೆಂಬ ಇನ್ನೊಂದು ದಾರಿ ಹಿಡಿಯಿತು. ನೀವು ಮುಗಿಸಿರುವ ಬ್ರೆವೆಗಳು ಈ ಎರಡನೆಯ ಪರಂಪರೆಗೆ ಸೇರಿದವು. 200 ಕಿಲೋಮೀಟರ್‌ಗೆ ಹದಿಮೂರೂವರೆ ಗಂಟೆ, 600ಕ್ಕೆ 40 ಗಂಟೆ ಎಂಬ ಮಿತಿಗಳು ಅಲ್ಲಿಂದಲೇ ಬಂದವು. ನಿಮ್ಮ ಗೆಳೆಯರು ಹೇಳುತ್ತಿರುವುದು ‘ಸೂಪರ್ ರಾಂಡೊನೆ’ ಬಗೆಯದಿರಬೇಕು. ಅದರಲ್ಲಿ 600 ಕಿಲೋಮೀಟರ್‌ಗೆ ಕನಿಷ್ಠ 10,000 ಮೀಟರ್ ಏರು ಇರಲೇಬೇಕು, ಅವಧಿ 60 ಗಂಟೆ, ಹೊರಡುವ ದಿನ ನಿಮ್ಮಿಷ್ಟ, ಗೊತ್ತುಪಡಿಸಿದ ತಾಣಗಳಲ್ಲಿ ಸೈಕಲ್ಲಿನ ಫೋಟೊ ತೆಗೆದುಕೊಂಡರೆ ಅದೇ ಸಾಕ್ಷಿ. ಯಾರೂ ಯಾರಿಗೂ ಕಾಯಬೇಕೆಂಬ ನಿಯಮವಿಲ್ಲ. ಆದ್ದರಿಂದ ಕಾಯುವವರು ಪ್ರತಿ ಘಟ್ಟದ ನೆತ್ತಿಯಲ್ಲೂ ಹೊಸದಾಗಿ ನಿರ್ಧರಿಸಿಯೇ ಕಾಯುತ್ತಾರೆ.

ಕೆಲವು ವರ್ಷಗಳ ಹಿಂದೆ ನಾವು ನಾಲ್ವರು ಇಂಥದೇ ಒಂದು ಸವಾರಿಯಲ್ಲಿದ್ದೆವು. ಎರಡನೆಯ ರಾತ್ರಿ ಒಂದು ಘಟ್ಟದ ನೆತ್ತಿಯನ್ನು ಎರಡನೆಯವನಾಗಿ ಮುಟ್ಟಿದೆ. ಮೊದಲು ಬಂದಿದ್ದವನು ಜಾಕೆಟ್ ತೊಟ್ಟು ಕಿಲೋಮೀಟರ್ ಕಲ್ಲಿಗೆ ಒರಗಿ ಕುಳಿತಿದ್ದ. ಕೆಳಗಿನ ಹೇರ್‌ಪಿನ್ ತಿರುವುಗಳಲ್ಲಿ ಎರಡು ದೀಪಗಳು ಕಾಣುತ್ತಿದ್ದವು. ತಿರುವಿಗೆ ಬಂದಾಗ ಬೆಳಕು ಒಮ್ಮೆ ನಮ್ಮ ಮುಖಕ್ಕೆ ಹೊಡೆದು, ಗುಡ್ಡದ ಮರೆಗೆ ಸರಿದು, ಸ್ವಲ್ಪ ಹೊತ್ತಿಗೆ ಒಂದು ಮೆಟ್ಟಿಲು ಮೇಲೆ ಮತ್ತೆ ಕಾಣುತ್ತಿತ್ತು. ಹಿಂದಿನ ದೀಪ ಒಂದು ತಿರುವಿನಲ್ಲಿ ಮಂಕಾಯಿತು. ಚಕ್ರ ನಿಂತೊಡನೆ ಡೈನಮೊ ದೀಪ ಮಂಕಾಗುತ್ತದೆ, ಹಾಗಾಗಿ ಅವನು ನಿಂತಿದ್ದಾನೆಂದು ತಿಳಿಯಿತು. ಮೂರನೆಯವನು ಮೇಲೆ ಬಂದಾಗಲೂ ಆ ದೀಪ ಅಲ್ಲಿಯೇ ಇತ್ತು. ಯಾರೂ ಏನೂ ಹೇಳಲಿಲ್ಲ. ಕಲ್ಲಿಗೆ ಒರಗಿದ್ದವನು ಎದ್ದು ಕೈಗವಸು ಹಾಕಿಕೊಂಡು ಬಂದ ದಾರಿಯಲ್ಲೇ ಇಳಿದುಹೋದ. ಬೆವರು ಸುರಿಸಿ ಗಳಿಸಿದ 150 ಮೀಟರ್ ಎತ್ತರವನ್ನು ಹಾಗೆ ಕೈಬಿಡುವುದೆಂದರೆ ಮತ್ತೆ ಕಾಲು ಗಂಟೆಯ ಏರು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಕೆಳಗಿದ್ದವನು ರಸ್ತೆಬದಿಯ ಮೋಟುಗೋಡೆಯ ಮೇಲೆ ಬಿಸ್ಕತ್ತಿನ ಪೊಟ್ಟಣ ಹಿಡಿದು ಕುಳಿತಿದ್ದನಂತೆ. ಹಸಿವೂ ಚಳಿಯೂ ಸೇರಿ ಅದನ್ನು ಹರಿಯುವಷ್ಟು ಬಲವೂ ಬೆರಳುಗಳಲ್ಲಿ ಉಳಿದಿರಲಿಲ್ಲ. ಸವಾರರು ‘ಬಾಂಕ್’ ಎನ್ನುವುದು ಇದನ್ನೇ: ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಬರಿದಾಗುತ್ತದೆ, ಕಾಲಿನ ಜೊತೆಗೆ ಬುದ್ಧಿಯೂ ನಿಧಾನವಾಗುತ್ತದೆ, ತಿನ್ನಬೇಕೆಂಬುದೇ ಹೊಳೆಯುವುದಿಲ್ಲ. ಇದಕ್ಕೆ ಮದ್ದು ಜೇಬಿನಲ್ಲೇ ಇರುತ್ತದೆ, ಅದನ್ನು ತೆಗೆದು ಬಾಯಿಗಿಡುವ ಕೈ ಮಾತ್ರ ಇನ್ನೊಬ್ಬರದಾಗಬೇಕಾಗುತ್ತದೆ. ಮುಕ್ಕಾಲು ಗಂಟೆಯ ನಂತರ ಇಬ್ಬರೂ ಸೈಕಲ್ ತಳ್ಳಿಕೊಂಡು ನಡೆದೇ ಮೇಲೆ ಬಂದರು. ಸವಾರಿಯ ಮಾತು ಒಂದೂ ಇರಲಿಲ್ಲ. ಸೋರುವ ತಾರಸಿಯನ್ನು ದುರಸ್ತಿ ಮಾಡುವ ಬಗೆ ಯಾವುದು ಸರಿ ಎಂದು ವಾದಿಸುತ್ತಿದ್ದರು. ಆ ಸವಾರಿಯಲ್ಲಿ ಕಂಡ ಸೂರ್ಯೋದಯಗಳು ನನಗೆ ಈಗ ಒಂದರೊಳಗೊಂದು ಕಲಸಿಹೋಗಿವೆ, ತಾರಸಿಯ ವಾದ ಮಾತ್ರ ಪೂರ್ತಿ ನೆನಪಿದೆ.

ಇನ್ನು, ಬೆಟ್ಟವೇ ಏಕೆ? ಬಯಲಿನ 300 ಕಿಲೋಮೀಟರ್ ಒಂದೇ ಉದ್ದನೆಯ ದಾರ. ಎಲ್ಲಿ ಕತ್ತರಿಸಿದರೂ ಒಂದೇ ತರಹ ಕಾಣುತ್ತದೆ. ಬೆಟ್ಟದ ದಾರಿ ತಾನಾಗಿಯೇ ತುಂಡುತುಂಡಾಗಿರುತ್ತದೆ: ಏರು, ನೆತ್ತಿ, ಇಳಿತ, ಕಣಿವೆ, ಮತ್ತೆ ಏರು. ಪ್ರತಿ ತುಂಡಿಗೂ ಬೇರೆ ಕೆಲಸ, ಬೇರೆ ಬಟ್ಟೆ, ಬೇರೆ ಮನಸ್ಸು. ಅಟ್ಲಾಂಟಿಕ್ ದಂಡೆಯ ಆಂದೇಯಿಂದ ಮೆಡಿಟರೇನಿಯನ್ ದಂಡೆಯ ಸೆರ್ಬೇರ್‌ವರೆಗೆ ಪಿರೆನೀಸ್ ಸಾಲನ್ನು ಹಾಯುವ ‘ರೇಡ್ ಪಿರೆನೇಯೆನ್’ ಎಂಬ ಪ್ರಸಿದ್ಧ ಸವಾರಿ ಸುಮಾರು 720 ಕಿಲೋಮೀಟರ್‌ನದು. ಅದನ್ನು 100 ಗಂಟೆಗಳೊಳಗೆ ಮುಗಿಸಬೇಕು. ಅದನ್ನು ನೆನೆಯುವವರು ಕಿಲೋಮೀಟರ್ ಎಣಿಸುವುದಿಲ್ಲ. ಓಬಿಸ್ಕ್, ಟೂರ್ಮಾಲೆ, ಆಸ್ಪಾ, ಪೇರ್‌ಸೂರ್ದ್ ಎಂದು ಘಟ್ಟಗಳ ಹೆಸರು ಹೇಳುತ್ತಾರೆ. ಇದರ ಜೊತೆಗೆ ಏರಿನಲ್ಲಿ ಕಿವಿಗೆ ಗಾಳಿಯ ಸದ್ದಿಲ್ಲದಿರುವುದರಿಂದ, ವೇಗ ಹೊಂದುವ ಇಬ್ಬರು ಸಿಕ್ಕರೆ ಒಂದು ಗಂಟೆ ನಿರಾತಂಕವಾಗಿ ಮಾತನಾಡಬಹುದು. ಪೂರ್ತಿ ವಾಕ್ಯ ಆಡಲು ಉಸಿರು ಸಾಲದಿದ್ದರೆ ನೀವು ಆ ದೂರಕ್ಕೆ ಸಲ್ಲದ ವೇಗದಲ್ಲಿ ಹತ್ತುತ್ತಿದ್ದೀರಿ ಎಂದೂ ತಿಳಿಯುತ್ತದೆ.

ಪ್ರಶ್ನೆ: ನಮ್ಮ ತಂಡದಲ್ಲಿ ನಾನೇ ನಿಧಾನ. ಪ್ರತಿ ಘಟ್ಟದ ಮೇಲೂ ಉಳಿದವರು ನನಗಾಗಿ ಕಾಯುತ್ತಾರೆ. ಅವರಿಗೆ ಹೊರೆಯಾಗುತ್ತಿದ್ದೇನೆಂಬ ಅಳುಕಿನಿಂದ ಮುಂದಿನ ಸವಾರಿಯನ್ನೇ ಬಿಡಬೇಕೆಂದಿದ್ದೇನೆ.

ಉತ್ತರ: ಬಿಡುವ ಮೊದಲು ಲೆಕ್ಕ ನೋಡಿ. 2,115 ಮೀಟರ್ ಎತ್ತರದ ಟೂರ್ಮಾಲೆ ಘಟ್ಟವನ್ನು ಪಶ್ಚಿಮ ಬದಿಯಿಂದ ಹತ್ತುವಾಗ ಸುಮಾರು 19 ಕಿಲೋಮೀಟರ್‌ನಲ್ಲಿ 1,400 ಮೀಟರ್ ಏರಬೇಕು. ಗಂಟೆಗೆ 600 ಮೀಟರ್ ಏರುವವರು ಅದನ್ನು ಎರಡು ಗಂಟೆ ಇಪ್ಪತ್ತು ನಿಮಿಷದಲ್ಲಿ ಮುಗಿಸುತ್ತಾರೆ, 500 ಮೀಟರ್ ಏರುವವರಿಗೆ ಇನ್ನೂ 28 ನಿಮಿಷ ಬೇಕು. ಒಟ್ಟು 10,000 ಮೀಟರ್‌ಗೆ ಈ ಅಂತರ ಮೂರು ಗಂಟೆ ಇಪ್ಪತ್ತು ನಿಮಿಷವಾಗುತ್ತದೆ. 60 ಗಂಟೆಗಳ ಸವಾರಿಯಲ್ಲಿ ಇದು ಸಣ್ಣದಲ್ಲ, ಆದರೆ ಹೊರಲಾರದ ಹೊರೆಯೂ ಅಲ್ಲ.

ನನ್ನ ತಕರಾರು ಇನ್ನೊಂದು ಕಡೆ ಇದೆ. ಕಾಯುವವರಿಗೆ ಆ ಮೂರು ಗಂಟೆ ವಿಶ್ರಾಂತಿ. ನಿಮಗೆ ಅದು ಬರೀ ಶ್ರಮ. ನೀವು ನೆತ್ತಿ ಮುಟ್ಟಿದ ಕ್ಷಣವೇ ‘ಸರಿ, ಹೊರಡೋಣ’ ಎಂದು ಪೆಡಲ್ ಮೇಲೆ ಕಾಲಿಡುವ ತಂಡದಲ್ಲಿ, ಎಲ್ಲರಿಗಿಂತ ಹೆಚ್ಚು ದಣಿದವರಿಗೆ ಎಲ್ಲರಿಗಿಂತ ಕಡಿಮೆ ವಿರಾಮ ಸಿಗುತ್ತದೆ, ಮುಂದಿನ ಘಟ್ಟದಲ್ಲಿ ಅವರು ಇನ್ನಷ್ಟು ಹಿಂದೆ ಬೀಳುತ್ತಾರೆ. ಇದನ್ನು ಹೊರಡುವ ಮೊದಲೇ ಮಾತನಾಡಿ ಇತ್ಯರ್ಥ ಮಾಡಿಕೊಳ್ಳಿ: ಕೊನೆಯವರು ಬಂದ ಮೇಲೆ ಹತ್ತು ನಿಮಿಷ ಎಲ್ಲರೂ ಕೂರುವುದು, ಅಥವಾ ನೆತ್ತಿಯ ಚಳಿಯಲ್ಲಿ ಕಾಯದೆ ಮುಂದಿನವರು ಕೆಳಗಿನ ಊರಿಗೆ ಇಳಿದು ಊಟ ಹೇಳಿಟ್ಟಿರುವುದು. ಎರಡನೆಯದು ಹಲವು ಬಾರಿ ಹೆಚ್ಚು ಅನುಕೂಲ, ಏಕೆಂದರೆ 1,000 ಮೀಟರ್ ಮೇಲೇರಿದಂತೆ ಉಷ್ಣಾಂಶ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ, ಬೆವರಿಗೆ ನೆನೆದ ಅಂಗಿಯಲ್ಲಿ 28 ನಿಮಿಷ ಕಾಯುವುದು ಯಾರಿಗೂ ಹಿತವಲ್ಲ. ಕೊನೆಯ ಇಬ್ಬರು ಪರಸ್ಪರ ಕಾಣುವ ದೂರದಲ್ಲಿರಬೇಕೆಂಬ ಒಪ್ಪಂದ ಮಾತ್ರ ತಪ್ಪಬಾರದು.

ತಂಡದ ಗಾತ್ರದ ಬಗ್ಗೆಯೂ ಒಂದು ಮಾತು. ‘ಫ್ಲೆಶ್ ವೆಲೋಸಿಯೊ’ ಎಂಬ ಫ್ರೆಂಚ್ ಸವಾರಿಯಲ್ಲಿ ಮೂರರಿಂದ ಐದು ಸೈಕಲ್‌ಗಳ ತಂಡ 24 ಗಂಟೆಗಳಲ್ಲಿ ಕನಿಷ್ಠ 360 ಕಿಲೋಮೀಟರ್ ಹೋಗಬೇಕು, ಮೂರು ಸೈಕಲ್‌ಗಳಾದರೂ ಕೊನೆ ಮುಟ್ಟದಿದ್ದರೆ ತಂಡಕ್ಕೇ ಮಾನ್ಯತೆಯಿಲ್ಲ. ಅನುಭವದಿಂದಲೇ ಹುಟ್ಟಿದ ಸಂಖ್ಯೆಯಿದು ಎಂದು ನನಗೆ ತೋರುತ್ತದೆ. ಐವರನ್ನು ಮೀರಿದರೆ, ನೀರು ತುಂಬಿಸಲು ನಿಂತ ತಂಡ ಮತ್ತೆ ಹೊರಡುವಷ್ಟರಲ್ಲಿ ಅರ್ಧ ಗಂಟೆ ಹೋಗಿರುತ್ತದೆ.

ಪ್ರಶ್ನೆ: ರಾತ್ರಿ ನಿದ್ದೆ ತೂಗಿದಾಗ ಜೊತೆಗಾರರೊಂದಿಗೆ ಮಾತನಾಡುತ್ತಾ ಹೋದರೆ ಸಾಕೇ?

ಉತ್ತರ: ಏರಿನಲ್ಲಿ ಸ್ವಲ್ಪ ಹೊತ್ತು ಸಾಕು, ಇಳಿತದಲ್ಲಿ ಸಾಲದು. ರಾತ್ರಿ ಎರಡರಿಂದ ಐದರವರೆಗೆ ದೇಹ ನಿದ್ದೆಯನ್ನು ಬಲವಾಗಿ ಕೇಳುತ್ತದೆ. ಮಾತು ಅದನ್ನು ಮುಂದೂಡುತ್ತದೆಯೇ ಹೊರತು ತೀರಿಸುವುದಿಲ್ಲ. ಇಳಿಯುವಾಗ ಗಾಳಿಯ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ, ಒಬ್ಬರಿಂದೊಬ್ಬರು ಸಾಕಷ್ಟು ಅಂತರ ಇಟ್ಟುಕೊಳ್ಳಬೇಕಾದ್ದರಿಂದ ಪ್ರತಿಯೊಬ್ಬರೂ ಒಂಟಿ, ಕಣ್ಣು ಎರಡು ಕ್ಷಣ ಮುಚ್ಚಿದರೂ ತಿರುವು ತಪ್ಪುತ್ತದೆ. ಜೊತೆಗಾರರ ನಿಜವಾದ ಉಪಯೋಗ ಬೇರೆ. ತನಗೆ ನಿದ್ದೆ ಬಂದಿದೆ ಎಂದು ನಿದ್ದೆ ಬಂದವರು ಒಪ್ಪುವುದೇ ಇಲ್ಲ. ಪಕ್ಕದವರು ಅವರ ಸೈಕಲ್ ರಸ್ತೆಯ ನಡುವಿಗೆ ವಾಲುವುದನ್ನೂ, ಕೇಳಿದ ಪ್ರಶ್ನೆಗೆ ಉತ್ತರ ತಡವಾಗುವುದನ್ನೂ ಮೊದಲು ಗಮನಿಸುತ್ತಾರೆ. ಹಾಗೆ ಗಮನಿಸಿದವರು ನಿಲ್ಲೆಂದರೆ ಮರುಮಾತಿಲ್ಲದೆ ನಿಲ್ಲಬೇಕು. ಇಳಿತಕ್ಕೆ ಮುಂಚೆ ಗಾಳಿಯಿಲ್ಲದ ಕಡೆ, ಇರುವ ಬಟ್ಟೆಯನ್ನೆಲ್ಲ ಹೊದ್ದು, ಇಪ್ಪತ್ತು ನಿಮಿಷಕ್ಕೆ ಅಲಾರಂ ಇಟ್ಟು ಮಲಗಿ. ಒಬ್ಬರು ಎಚ್ಚರವಿದ್ದರೆ ಇನ್ನೂ ಒಳ್ಳೆಯದು. ಎದ್ದ ಮೇಲೂ ಐದು ನಿಮಿಷ ನಡೆದಾಡಿಯೇ ಸೈಕಲ್ ಹತ್ತಿ.

ಪ್ರಶ್ನೆ: ಗೆಳೆಯರೆಲ್ಲರ ಸೈಕಲ್‌ನಲ್ಲೂ ಮುಂದೆ 34, ಹಿಂದೆ 25 ಹಲ್ಲಿನ ಗೇರ್ ಅತಿ ಹಗುರವಾದದ್ದು. ನಾನು ಮಾತ್ರ ಇನ್ನೂ ಹಗುರ ಗೇರ್ ಹಾಕಿಸಿಕೊಂಡರೆ ನಗುವುದಿಲ್ಲವೇ?

ಉತ್ತರ: ನಗಲಿ. ಆ ಗೇರ್‌ನಲ್ಲಿ ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಹತ್ತುವಾಗ ಪೆಡಲ್ ನಿಮಿಷಕ್ಕೆ 46-47 ಸುತ್ತು ಮಾತ್ರ ತಿರುಗುತ್ತದೆ, ಪ್ರತಿ ಸುತ್ತಿನ ಭಾರವೂ ಮೊಣಕಾಲಿನ ಮೇಲೆ ಬೀಳುತ್ತದೆ. ಹಿಂದೆಯೂ 34 ಹಲ್ಲಿದ್ದರೆ ಅದೇ ವೇಗಕ್ಕೆ ಸುಮಾರು 63 ಸುತ್ತು ಬರುತ್ತದೆ. ಎರಡನೆಯ ದಿನ ಸಂಜೆಗೆ ಇದರ ವ್ಯತ್ಯಾಸ ಗೊತ್ತಾಗುತ್ತದೆ. ಹಗುರ ಗೇರ್ ದುರ್ಬಲರಿಗೆ ಎಂಬ ಹಮ್ಮು ಹಳೆಯದು: ವೆಲೋಸಿಯೊ ಎಂಬ ಕಾವ್ಯನಾಮದ ಪಾಲ್ ದ ವಿವಿ ಬೆಟ್ಟದ ಸವಾರಿಗೆ ಗೇರ್ ಬದಲಾವಣೆ ಬೇಕೇ ಬೇಕೆಂದು ಜೀವನವಿಡೀ ವಾದಿಸಿ 1930ರಲ್ಲಿ ತೀರಿಕೊಂಡರು, ಟೂರ್ ದ ಫ್ರಾನ್ಸ್ ಸ್ಪರ್ಧೆಯಲ್ಲಿ ಡಿರೇಲರ್‌ಗೆ, ಅಂದರೆ ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಸಾಧನಕ್ಕೆ, ಅವಕಾಶ ಸಿಕ್ಕಿದ್ದು 1937ರಲ್ಲಿ. ಬದಲಾಯಿಸುವ ಮೊದಲು ನಿಮ್ಮ ಡಿರೇಲರ್ 34 ಹಲ್ಲನ್ನು ತಾಳುತ್ತದೆಯೇ, ಚೈನಿನ ಉದ್ದ ಸಾಲುತ್ತದೆಯೇ ಎಂದು ಮೆಕ್ಯಾನಿಕ್ ಬಳಿ ಕೇಳಿಕೊಳ್ಳಿ, ಸವಾರಿಗೆ ಎರಡು ವಾರ ಮೊದಲೇ ಹಾಕಿಸಿ ಒಂದು ಚಡಾವಿನಲ್ಲಿ ಓಡಿಸಿ ನೋಡಿ.